ನಾಲ್ಕನೆಯ ರಾಜನಿಗೆ ಮುಂಚೆ

ವಾರದ ರಜೆ ಗುರುವಾರ-ಶುಕ್ರವಾರದಿಂದ ಶುಕ್ರವಾರ-ಶನಿವಾರಕ್ಕೆ ಬದಲಾದ ಮರುವರ್ಷ. ನಾವು ಜಿದ್ದಾದ ಅಜೀಜಿಯಾದಲ್ಲಿ ಮೂರನೆಯ ಮಹಡಿಯಲ್ಲಿದ್ದೆವು. ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿದು ಬೀದಿ ಖಾಲಿಯಾದ ಮೇಲೆ ಉಡುಪಿ, ಮಂಗಳೂರು ಕಡೆಯ ನಾಲ್ಕು ಕ್ರೈಸ್ತ ಕುಟುಂಬಗಳು ಪ್ರಾರ್ಥನೆಗೆ ನಮ್ಮ ಮನೆಗೆ ಬರುತ್ತಿದ್ದವು. ಅದಕ್ಕೆ ಅಲ್ಲಿ ಅನುಮತಿ ಇರಲಿಲ್ಲ. ಸಿಕ್ಕಿಬಿದ್ದರೆ ಇಕಾಮಾ, ಅಂದರೆ ಅಲ್ಲಿ ವಾಸಿಸುವ ಪರವಾನಗಿ, ಹೋಗುತ್ತದೆ, ಊರಿಗೆ ವಾಪಸು ಕಳಿಸುತ್ತಾರೆ ಎಂಬ ಹೆದರಿಕೆ ಎಲ್ಲರಿಗೂ ಇತ್ತು. ಹಾಗಾಗಿ ಪ್ರತಿ ವಾರವೂ ಮೇಜಿನ ಮೇಲೆ ಒಂದು ಕೇಕ್ ಇಡುತ್ತಿದ್ದೆವು. ಯಾರಾದರೂ ಬಾಗಿಲು ತಟ್ಟಿದರೆ ಆ ದಿನ ಯಾರದ್ದೋ ಹುಟ್ಟುಹಬ್ಬ. ಯಾರದ್ದು ಎಂದು ಮೊದಲೇ ನಿಶ್ಚಯಿಸಿಕೊಳ್ಳುತ್ತಿದ್ದೆವು. ಆ ಶುಕ್ರವಾರ ನನ್ನ ಮಗಳ ಸರದಿ. ಅವಳಿಗೆ ಎಂಟು ವರ್ಷ.

ಬೈಬಲ್ ಪಾಠ ಹೇಳುತ್ತಿದ್ದವರು ಆಸ್ಪತ್ರೆಯೊಂದರ ಸ್ಟೋರಿನಲ್ಲಿ ದುಡಿದು ದುಡಿದು ಕೂದಲು ಬೆಳ್ಳಗಾದ ಹಿರಿಯರು. ನಾವೆಲ್ಲ ಅವರನ್ನು ಅಣ್ಣ ಎನ್ನುತ್ತಿದ್ದೆವು. ಇನ್ನೆರಡು ವಾರದಲ್ಲಿ ಕೆಲಸ ಬಿಟ್ಟು ಊರಿಗೆ ಹೊರಟಿದ್ದರು. ಅದಕ್ಕೆ ಮೊದಲು ಪರ್ಷಿಯದ ರಾಜರನ್ನು ಮುಗಿಸಬೇಕು ಎಂಬುದು ಅವರ ಹಟ. ಸಾಮ್ರಾಜ್ಯ ಕಟ್ಟಿದ ಕೋರೆಷನ ನಂತರ ಮೂವರು ಏಳುತ್ತಾರೆ, ನಾಲ್ಕನೆಯವನು ಅವರೆಲ್ಲರಿಗಿಂತ ಸಿರಿವಂತನಾಗಿ ಗ್ರೀಸಿನ ಮೇಲೆ ದಂಡೆತ್ತುತ್ತಾನೆ ಎಂದು ಪ್ರವಾದಿ ದಾನಿಯೇಲನಿಗೆ ಮೊದಲೇ ತಿಳಿಸಲಾಗಿತ್ತು ಎಂದು ಅಣ್ಣ ವಿವರಿಸುತ್ತಿದ್ದರು. ಆ ಸಾಲನ್ನು ಅವರು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ದಪ್ಪ ಅಕ್ಷರಗಳಲ್ಲಿ ಬರೆದು ಗೋಡೆಗೆ ಅಂಟಿಸಿದ್ದರು.

ಅಂದು ಎರಡನೆಯ ಮತ್ತು ಮೂರನೆಯ ರಾಜರ ಪಾಠ. ಮೂವರಲ್ಲಿ ಮೊದಲನೆಯವನಾದ ಕೋರೆಷನ ಹಿರಿಯ ಮಗ ಪಟ್ಟಕ್ಕೆ ಬಂದು ತಮ್ಮನನ್ನು ಗುಟ್ಟಾಗಿ ಕೊಲ್ಲಿಸಿದ. ಆಮೇಲೆ ಯಾರೋ ಒಬ್ಬ ತಾನೇ ಆ ತಮ್ಮ ಎಂದು ಹೇಳಿಕೊಂಡು ಸಿಂಹಾಸನ ಹತ್ತಿದ. ದಾರ್ಯಾವೆಷ ಎಂಬವನು ಅವನನ್ನು ಕೊಂದು ತಾನು ರಾಜನಾದ.

"ಅವನು ಸುಳ್ಳ ಅಂತ ಹೇಳಿದ್ದು ಯಾರು? ಕೊಂದವನೇ," ಎಂದರು ಅಣ್ಣ. "ನಿಜವಾದ ತಮ್ಮನನ್ನೇ ಕೊಂದು ಹಾಗೆ ಬರೆಸಿದನೋ ಎಂತದೋ."

"ಹಾಗಾದ್ರೆ ಎಣಿಕೆಗೆ ಅವನು ಉಂಟಾ, ಇಲ್ವಾ?" ನನ್ನ ಹೆಂಡತಿ ಕೇಳಿದಳು.

"ಸುಳ್ಳನಾದ್ರೂ ಕೂತಿದ್ದಾನಲ್ಲ ಮಾರಾಯ್ತಿ! ಕೂತವನನ್ನು ಎಣಿಸ್ಲೇಬೇಕು."

ನಾವು ನಗುತ್ತಿದ್ದೆವು. ಆಗ ಬಾಗಿಲು ತಟ್ಟಿದ ಸದ್ದಾಯಿತು, ಮೂರು ಸಲ. ಹಾಡಿನ ಪುಸ್ತಕಗಳು ಸೋಫಾದ ದಿಂಬುಗಳ ಕೆಳಗೆ ಹೋದವು. ಯಾರೋ ಕೇಕಿಗೆ ಮೇಣದಬತ್ತಿ ಚುಚ್ಚಿದರು. ಗೋಡೆಯ ಕಾಗದ ಯಾರಿಗೂ ನೆನಪಾಗಲಿಲ್ಲ. ನಾನು ಬಾಗಿಲು ತೆರೆದೆ.

ಬಂದವರು ಮೇಲಿನ ಮಹಡಿಯ ಭಟ್ಕಳದ ವ್ಯಾಪಾರಿ. ಅವರ ಮಗಳೂ ನನ್ನ ಮಗಳೂ ಒಂದೇ ತರಗತಿ, ಒಂದೇ ಬಸ್ಸು. ಅವರು ಕೇಕನ್ನು ನೋಡಿದರು.

"ಯಾರದ್ದು?"

"ನಂದು ಅಂಕಲ್. ಟುಡೇ," ಎಂದಳು ಮಗಳು. ಒಂದಿಷ್ಟೂ ತಡವರಿಸಲಿಲ್ಲ. ಅಷ್ಟು ಚೆನ್ನಾಗಿ ಹೇಳುತ್ತಾಳೆಂದು ನನಗೆ ಗೊತ್ತಿರಲಿಲ್ಲ.

"ಎಂತ ಮಾರಾಯ್ರೆ, ನಿಮ್ಮ ಹುಡುಗಿ ವರ್ಷಕ್ಕೆ ಎರಡು ಸಲ ಹುಟ್ತಾಳಾ?" ಅವರು ನನ್ನ ಕಡೆ ತಿರುಗಿದರು. "ಮೊನ್ನೆ ಚಳಿಯಲ್ಲಿ ನಮ್ಮ ಮನೆಯಲ್ಲೇ ಅಲ್ವಾ ಇಬ್ಬರದ್ದೂ ಒಟ್ಟಿಗೆ ಕಟ್ ಮಾಡಿದ್ದು?"

ಹೌದು. ಸರದಿ ಗೊತ್ತುಮಾಡುವಾಗ ನಾನದನ್ನು ಮರೆತಿದ್ದೆ. ನೆರೆಯವರು ಗೋಡೆಯ ಹತ್ತಿರ ಹೋಗಿ ಕಾಗದವನ್ನು ನಿಧಾನವಾಗಿ, ತುಟಿ ಅಲ್ಲಾಡಿಸುತ್ತ ಓದಿದರು. ಅವರಿಗೆ ಕನ್ನಡ ಚೆನ್ನಾಗಿ ಬರುತ್ತಿತ್ತು.

"ಈ ಕೋರೆಷನೇ ಕುರಾನಿನಲ್ಲಿ ಬರುವ ಎರಡು ಕೊಂಬಿನ ರಾಜ ಅಂತ ನಮ್ಮಲ್ಲೂ ಕೆಲವರು ಹೇಳ್ತಾರೆ," ಎಂದರು. "ಎಲ್ಲರೂ ಒಪ್ಪುವುದಿಲ್ಲ."

"ದಾನಿಯೇಲನಿಗೆ ಎರಡು ಕೊಂಬಿನ ಟಗರು ಕಂಡಿತ್ತು. ಅದು ಪರ್ಷಿಯವೇ," ಎಂದರು ಅಣ್ಣ. ಆಗಲೂ ಸುಮ್ಮನಿರಲು ಅವರಿಂದ ಆಗಲಿಲ್ಲ.

ನೆರೆಯವರು ಚಹಾ ಬೇಡ ಎಂದರು. ನನ್ನನ್ನು ಮೆಟ್ಟಿಲ ಬಳಿ ಕರೆದು ತಗ್ಗಿದ ದನಿಯಲ್ಲಿ ಹೇಳಿದರು: "ಹಾಡು ಕೆಳಗಿನವರೆಗೆ ಕೇಳ್ತದೆ. ಎರಡನೇ ಮಹಡಿಗೆ ಹೊಸಬರು ಬಂದಿದ್ದಾರೆ. ನಿನ್ನೆ ಹಾರಿಸನ ಹತ್ರ ವಿಚಾರಿಸ್ತಿದ್ರು, ಮೂರನೇ ಮಹಡಿಗೆ ಯಾರೆಲ್ಲ ಬರ್ತಾರೆ ಅಂತ." ಹಾರಿಸ ಅಂದರೆ ಕಟ್ಟಡದ ಕಾವಲುಗಾರ. "ನಾನು ಹೇಳಿದ್ದು ಅಂತ ಬೇಡ."

ಸಂಜೆ ಅಣ್ಣನನ್ನು ಕಾರಿನಲ್ಲಿ ಅವರ ರೂಮಿಗೆ ಬಿಡಲು ಹೋದೆ. ಸುತ್ತಿದ ಕಾಗದ ಅವರ ಮೊಣಕಾಲುಗಳ ನಡುವೆ ನಿಂತಿತ್ತು.

"ಅಣ್ಣ, ಇನ್ನು ನಮ್ಮ ಮನೆಯಲ್ಲಿ ಬೇಡ."

"ಅವರು ಒಳ್ಳೇದಕ್ಕೆ ಹೇಳಿದ್ದಲ್ವಾ? ಮೆಲ್ಲಗೆ ಹಾಡುವ. ಹಾಡದಿದ್ದರೂ ಸರಿ."

"ಬೇಡ ಅಣ್ಣ."

ಎರಡು ಸಿಗ್ನಲ್ ದಾಟಿದ ಮೇಲೆ ಅವರು "ಇನ್ನೊಬ್ಬನೇ ಬಾಕಿ ಇದ್ದದ್ದು," ಎಂದರು. ಇಳಿಯುವಾಗ ಬಾಗಿಲನ್ನು ಸದ್ದಾಗದಂತೆ ಮುಚ್ಚಿದರು. ಅವರು ಊರಿಗೆ ಹೊರಡುವ ಮುನ್ನ ನಾವು ಮತ್ತೆ ಸೇರಲಿಲ್ಲ. ಹೊಸಬರು ಯಾರು, ಯಾಕೆ ಕೇಳಿದರು ಎಂಬುದು ನನಗೆ ಇಂದಿಗೂ ತಿಳಿದಿಲ್ಲ. ಬಾಗಿಲು ಬೇರೆ ಯಾರೂ ತಟ್ಟಲಿಲ್ಲ ಎಂಬುದಷ್ಟೇ ಗೊತ್ತು.

ಆ ಸಂಜೆ ಮನೆಗೆ ಮರಳಿದಾಗ ಮಗಳು ಬಾಗಿಲಲ್ಲೇ ಕಾಯುತ್ತಿದ್ದಳು.

"ಪಪ್ಪಾ, ಆದಿತ್ಯವಾರ ಬಸ್ಸಲ್ಲಿ ಮೇಲಿನ ಮನೆಯವಳು ಬರ್ತ್‌ಡೇ ಬಗ್ಗೆ ಕೇಳಿದ್ರೆ ನಾನು ಏನು ಹೇಳ್ಬೇಕು?"

ನಾನು ಚಪ್ಪಲಿ ಬಿಚ್ಚಲು ಬಗ್ಗಿದೆ. ಅವಳು ಕಾಯುತ್ತಲೇ ಇದ್ದಳು.