ಮುದಿಯಾಗಿ ಸತ್ತ ಮೀಸಲು ಟಗರು

ಹಿಪ್ಪರಗಿ ಕಡೆಯ ಕುರಿಹಟ್ಟಿಯಲ್ಲಿ ಸಾತವ್ವನ ಟಗರು ಮುದಿಯಾಗಿ ಸತ್ತಿತು. ಇದರಲ್ಲೇನು ವಿಶೇಷ ಎಂದು ಕೇಳುವವರು ಕುರಿ ಸಾಕಿದವರಲ್ಲ ಬಿಡಿ. ಕೋಡಿಗೆ ಅರಿಷಿಣದ ಭಂಡಾರ ಬಳಿದು ದೇವರಿಗೆ ಮೀಸಲು ಬಿಟ್ಟ ಟಗರು, ಹಲ್ಲುದುರಿ, ಕಣ್ಣು ಮಂಜಾಗಿ, ತನ್ನಷ್ಟಕ್ಕೆ ತಾನು ಕಾಲು ಚಾಚಿ ಸತ್ತದ್ದು ಆ ಸೀಮೆಯಲ್ಲಿ ಅದೊಂದೇ. ಯಾಕೆ ಹಾಗಾಯಿತು ಎಂದು ಕೇಳಿದರೆ ಸಾತವ್ವ, "ನನಗೂ ಪೂರಾ ತಿಳೀಲಿಲ್ರಿ" ಎನ್ನುತ್ತಿದ್ದಳು. ಮಾತು ತಪ್ಪಿಸಲು ಹಾಗೆ ಅನ್ನುತ್ತಾಳೆಂದು ಜನ ತಿಳಿದರು. ಅವಳಿಗೆ ನಿಜಕ್ಕೂ ತಿಳಿದಿರಲಿಲ್ಲ.

ಸಾತವ್ವ ಹುಟ್ಟಿದ್ದು ಕುರಿಯ ಹಿಂಡಿನಲ್ಲಿ, ಮದುವೆಯಾದದ್ದು ಇನ್ನೊಂದು ಹಿಂಡಿಗೆ. ಗಂಡ ಜಕ್ಕಪ್ಪನ ಹಿಂದೆ ಕೃಷ್ಣೆಯ ದಂಡೆಯಿಂದ ಬೀಳಗಿಯ ಗುಡ್ಡದವರೆಗೆ ಅಡ್ಡಾಡಿದ್ದೇ ಅವಳ ಸಂಸಾರ. ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂತು ಎಂದು ಊರೆಲ್ಲ ಮಾತಾಡಿಕೊಂಡಾಗ ಅವಳಿಗೆ ಕಂಡ ಬದಲಾವಣೆ ಎಂದರೆ ಚಾವಡಿಯಲ್ಲಿ ಕೂತವನ ಟೊಪ್ಪಿಗೆ ಮಾತ್ರ. ಇದ್ದ ಒಬ್ಬ ಮಗ ಹಾಲಸಿದ್ದಪ್ಪ ಓದಿನಲ್ಲಿ ಚುರುಕು. ಸಾಲಿ ಮಾಸ್ತರರು ಅವನನ್ನು ಜಮಖಂಡಿಯ ಕಾಲೇಜಿಗೆ ದಬ್ಬಿದರು. ನಾಲ್ಕು ಜನ ವಕೀಲರು ಸೇರಿ ಹಳೆಯ ಕುದುರೆಲಾಯದಲ್ಲಿ ನಡೆಸುತ್ತಿದ್ದ ಎರಡೇ ತರಗತಿಯ ಕಾಲೇಜು ಅದು. ಪರೀಕ್ಷೆ ಮಾತ್ರ ಧಾರವಾಡದ ಯೂನಿವರ್ಸಿಟಿಯದು. ಕೆಲವೇ ವರ್ಷ ನಡೆದು ಮುಚ್ಚಿಹೋದದ್ದರಿಂದ ಈಗ ಅದನ್ನು ನೆನೆಯುವವರಿಲ್ಲ.

ಕಾಲೇಜೇನೋ ತೆರೆದರು, ಹುಡುಗರ ಹೊಟ್ಟೆಯ ಬಗ್ಗೆ ಆ ವಕೀಲರಲ್ಲಿ ಒಬ್ಬರಾದರೂ ಯೋಚಿಸಿದ್ದರೆ ಕೇಳಿ. ಉಣ್ಣಲು ಇದ್ದದ್ದು ಮೂರು ಮನೆ. ಗುಡಿಯ ಹಿಂದಿನ ಭಟ್ಟರ ಮನೆಯಲ್ಲಿ ಜನಿವಾರ ನೋಡಿ ಎಲೆ ಹಾಕುತ್ತಿದ್ದರು. ಮೋಟಾರು ನಿಲ್ಲುವ ಕಟ್ಟೆಯ ಹತ್ತಿರ ಹುಲೆಪ್ಪನ ಮಾಂಸದ ಖಾನಾವಳಿ. ಇವೆರಡರ ನಡುವೆ, ಪೇಟೆಯ ಓಣಿಯಲ್ಲಿ, ತಂಗೆವ್ವ ಎಂಬ ಶೈವರ ಮುದುಕಿಯ ಖಾನಾವಳಿ. ಅಲ್ಲಿ ಜೋಳದ ರೊಟ್ಟಿ, ಝುಣಕ, ಪುಂಡಿಪಲ್ಲೆ, ಶೇಂಗಾಹಿಂಡಿ, ಮಾಂಸದ ಸುದ್ದಿಯಿಲ್ಲ. ಹುಲೆಪ್ಪನಲ್ಲಿಗೆ ಹೋಗಬೇಕಾದ ಹಾಲಸಿದ್ದಪ್ಪ ಕಾಲೇಜಿಗೆ ಹತ್ತಿರವೆಂದು ತಂಗೆವ್ವನಲ್ಲಿಗೆ ಹೋದ. ಗೋಜಲು ಶುರುವಾದದ್ದು ಅಲ್ಲಿಂದ.

ಮಗ ಹೊರಟ ದಿನವೇ ಸಾತವ್ವ ಹರಕೆ ಹೊತ್ತಿದ್ದಳು. ಅವರ ಕುಲದೇವರಾದ ಬೀರಪ್ಪ ಹಾಲಿನ ದೇವರು, ಅವನಿಗೆ ಹಾಲು ಹೋಳಿಗೆ ಸಾಕು. ಟಗರು ಬೇಕಾದದ್ದು ಅವನ ಅಕ್ಕ ಮಾಯವ್ವನಿಗೆ. ಮಗ ಪಾಸಾಗಿ ಬಂದರೆ ನಿನಗೊಂದು ಟಗರು ಎಂದು ಮಾಯವ್ವನಿಗೆ ಹೇಳಿ, ಹಿಂಡಿನಲ್ಲಿ ಹುರುಪಿನದೊಂದನ್ನು ಆರಿಸಿ ಕೋಡಿಗೆ ಭಂಡಾರ ಬಳಿದಳು. ಅವರ ಹಟ್ಟಿಯ ಕಟ್ಟು ಒಂದಿತ್ತು: ಯಾರ ಹೆಸರಿನ ಹರಕೆಯೋ ಅವನೇ ಮೊದಲ ತುತ್ತು ತಿನ್ನಬೇಕು. ಕೊಯ್ಯುವ ಮೊದಲು ಅವನನ್ನು ಕೇಳಬೇಕು, ಅವನು ಹ್ಞೂಂ ಅನ್ನಬೇಕು.

ಹಾಲಸಿದ್ದಪ್ಪ ಮೊದಲ ವರ್ಷ ಪಾಸಾದ. ಬೇಸಿಗೆಯ ಸೂಟಿಯಲ್ಲಿ ಹಟ್ಟಿಗೆ ಬಂದ. ಬಂಧುಬಳಗ ಸೇರಿತು, ಒಲೆ ಹೂಡಿದರು, ಕತ್ತಿ ಮಸೆದರು. ಸಾತವ್ವ ಕಟ್ಟಿನ ಪ್ರಕಾರ ಮಗನನ್ನು ಕೇಳಿದಳು. ಅವನು ನೆಲ ನೋಡುತ್ತ, "ನಾ ಒಲ್ಲೆ ಬೇ" ಎಂದ.

ಸಾತವ್ವ ಅವನನ್ನು ಎಳೆದು ಎದುರಿಗೆ ಕೂರಿಸಿಕೊಂಡಳು. ಮೇವು ಬಿಟ್ಟ ಕುರಿಗೆ ಏನು ಮಾಡಬೇಕೋ ಅದನ್ನೇ ಮಾಡಿದಳು. ಎಲ್ಲರ ಎದುರಿಗೆ ಮಗನ ದವಡೆ ಹಿಡಿದು ಬಾಯಿ ಬಿಡಿಸಿದಳು, ಒಸಡು ಒತ್ತಿದಳು, ಕಣ್ಣಿನ ರೆಪ್ಪೆ ಎಳೆದು ಒಳಗೆ ಕೆಂಪಿದೆಯೋ ಬಿಳಿಚಿದೆಯೋ ನೋಡಿದಳು. ಕಾಲೇಜು ಓದಿದ ಹುಡುಗ ಟಗರಿನ ಹಾಗೆ ಬಾಯಿ ತೆರೆದು ಕೂತ. ರೋಗವೇನೂ ಕಾಣಲಿಲ್ಲ.

"ಮೈಯಾಗ ಏನೂ ಇಲ್ಲಲ್ಲೋ. ಮತ್ಯಾಕ ಒಲ್ಲಿ?"

"ಖಾನಾವಳ್ಯಾಗ ನೇಮ ಐತಿ. ತಿನ್ನಾವರನ್ನ ಪಂಗ್ತ್ಯಾಗ ಕುಂಡ್ರಸೂದಿಲ್ಲ."

"ಇದು ಖಾನಾವಳಿ ಅಲ್ಲ, ನಿಮ್ಮಪ್ಪನ ಹಟ್ಟಿ."

ಅವನು ಮತ್ತೆ ಒಲ್ಲೆನೆಂದು ತಲೆ ಅಲ್ಲಾಡಿಸಿದ. ಕತ್ತಿ ಒಳಗೆ ಹೋಯಿತು, ಬಂಧುಗಳು ಅಂಬಲಿ ಕುಡಿದು ಮೂಗು ಮುರಿದು ಎದ್ದುಹೋದರು. ಟಗರು ಮಾತ್ರ ನಿಶ್ಚಿಂತೆಯಿಂದ ಮೇವು ಮೆಲ್ಲುತ್ತಿತ್ತು. ಕಾಲೇಜು ಬಾಗಿಲು ತೆಗೆಯಿತೆಂದು ಹಾಲಸಿದ್ದಪ್ಪ ಅವಸರ ಮಾಡಿ ಜಮಖಂಡಿಗೆ ಹೊರಟ. ಜಕ್ಕಪ್ಪ ಮಾತ್ರ ತಲೆ ಕೆಡಿಸಿಕೊಳ್ಳಲಿಲ್ಲ. "ಹುಡುಗ ಒಲ್ಲೆಂದ, ಟಗರು ಉಳೀತು. ಯಾರಿಗೇನು ಲುಕ್ಸಾನ ಆತು?" ಎಂದು ಹಿಂಡು ಹೊಡೆದುಕೊಂಡು ನಡೆದ.

ಸಾತವ್ವನಿಗೆ ನಿದ್ದೆ ಹತ್ತಲಿಲ್ಲ. ದೇವರ ಸಾಲ ತಲೆಯ ಮೇಲಿದೆ ಎಂಬುದು ಒಂದು. ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ದೇವರ ಮುಂದಿನ ತುತ್ತು ಬೇಡವೆಂದವನಿಗೆ ನಾಳೆ ಹಟ್ಟಿ ಬೇಡವಾಗುತ್ತದೆ, ನಾಡಿದ್ದು ಅವ್ವನೂ ಬೇಡವಾಗುತ್ತಾಳೆ ಎಂದು ಅವಳಿಗೆ ಅಂಜಿಕೆ ಹತ್ತಿತ್ತು. ಮಗ ತನ್ನವನಾಗಿ ಉಳಿದಿದ್ದಾನೋ ಇಲ್ಲವೋ, ಅವಳಿಗೆ ತಿಳಿಯಬೇಕಾದದ್ದು ಅಷ್ಟೇ. ಆ ಖಾನಾವಳಿಯವಳನ್ನು ಕಂಡು ನಾಲ್ಕು ಮಾತು ಬೈದು ಬರುವುದೆಂದು ತುಪ್ಪದ ಗಡಿಗೆ ಹೊತ್ತು, ಸಂತೆಗೆ ಹೊರಟ ಧರೆಪ್ಪನ ಗಾಡಿ ಹತ್ತಿದಳು. ಬೈಯುವವರು ತುಪ್ಪ ಯಾಕೆ ಒಯ್ಯಬೇಕು ಎಂದು ಧರೆಪ್ಪ ಕೇಳಿದ. ಅದು ಅವಳಿಗೂ ಹೊಳೆಯಲಿಲ್ಲ.

ಜಮಖಂಡಿಯಲ್ಲಿ ಇಳಿದವಳು ನೇರವಾಗಿ ತಂಗೆವ್ವನಲ್ಲಿಗೆ ಹೋಗಲಿಲ್ಲ. ಮಗ ಕದ್ದು ಹುಲೆಪ್ಪನಲ್ಲಿ ತಿನ್ನುತ್ತಿರಬಹುದು, ಹಾಗಿದ್ದರೆ ಎಷ್ಟು ಚಲೋ ಎಂದು ಒಂದು ಆಸೆ. ಹುಲೆಪ್ಪ ಬಾಗಿಲಲ್ಲಿ ನಿಂತು ಮಸಾಲೆ ಕುಟ್ಟಿಸುತ್ತಿದ್ದ.

"ಹಾಲಸಿದ್ದಪ್ಪ? ಆ ಹೆಸರಿನಾಂವ ಇಲ್ಲಿ ಬಂದಿಲ್ಲವ್ವ. ಕಾಲೇಜಿನಾವರು ಬರ್ತಾರ, ಐತವಾರ ಬರ್ತಾರ. ಹಣಿಮ್ಯಾಲಿನ ವಿಭೂತಿ ಒರಿಸಿಕೊಂಡು ಹಿತ್ತಲ ಬಾಗಲದಿಂದ ಬರ್ತಾರ. ನಿಮ್ಮ ಪೈಕಿ ಹುಡುಗ ಒಬ್ಬನೂ ಬಂದಿಲ್ಲ."

ತಿನ್ನಬಾರದವರು ಕದ್ದು ತಿನ್ನುತ್ತಾರೆ, ತಿನ್ನಬಹುದಾದವನು ಮನೆಯಲ್ಲೂ ತಿನ್ನುವುದಿಲ್ಲ. ಸಾತವ್ವ ಬಿಸಿಲಲ್ಲಿ ನಿಂತು ಇದನ್ನು ತಿರುಗಿಸಿ ಮುರುಗಿಸಿ ನೋಡಿದಳು. ಹಿಂದುಮುಂದು ತಿಳಿಯಲಿಲ್ಲ. ಶಹರದವರಿಗೆ ಹುಚ್ಚು ಹಿಡಿದಿದೆ ಎಂದುಕೊಂಡು ಪೇಟೆಯ ಓಣಿ ಹಿಡಿದಳು.

ತಂಗೆವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಸಾತವ್ವ ಹೊಸ್ತಿಲಾಚೆ ನಿಂತೇ ದಾರಿಯುದ್ದ ಜೋಡಿಸಿಕೊಂಡು ಬಂದದ್ದನ್ನೆಲ್ಲ ಸುರಿದಳು. "ನಮ್ಮ ಮನ್ಯಾಗ ಏನು ತಿನ್ನಬೇಕು ಅಂತ ನೇಮ ಹಾಕಾಕ ನೀ ಯಾರವ್ವ? ನನ್ನ ಮಗನ್ನ ನನಗ ಇಲ್ಲದಂಗ ಮಾಡಿದೆಲ್ಲ."

ಮುದುಕಿ ಬಡಿಯುವ ಕೈ ನಿಲ್ಲಿಸಲಿಲ್ಲ. ಮಾತು ಮುಗಿದ ಮೇಲೆ ರೊಟ್ಟಿಯನ್ನು ಹಂಚಿಗೆ ಹಾಕಿ ನೀರು ಸವರಿದಳು.

"ನಾ ಯಾವ ನೇಮಾನೂ ಹಾಕಿಲ್ಲ ತಂಗಿ. ನನ್ನ ಒಲಿಮ್ಯಾಲ ಬೇಸೂದಿಲ್ಲ, ಅಷ್ಟ. ಹೊರಗ ತಿಂದ್ರ ಬಾಯಿ ತೊಳಕೊಂಡು ಬರ್ರಿ ಅಂತೀನಿ. ನಮ್ಮ ಹುಡುಗರಿಗೇ ಹಂಗಂತೀನಿ, ನಿನ್ನ ಮಗಗ ಬ್ಯಾರೆ ಹೇಳ್ಲ್ಯಾ?"

ಸಾತವ್ವನ ಸಿಟ್ಟು ಕಾಲು ಮುರಿದುಕೊಂಡು ಬಿತ್ತು. "ಮತ್ತ ಅಂವ ಯಾಕ ಸುಳ್ಳ ಹೇಳಿದ?"

ತಂಗೆವ್ವ ರೊಟ್ಟಿ ಹೊರಳಿಸಿದಳು, ಬೇಯಿಸಿ ತೆಗೆದಿಟ್ಟಳು. ಹೇಳಲೋ ಬೇಡವೋ ಎಂದು ಅವಳಿಗೂ ಗೊಂದಲವಾಗಿರಬೇಕು. ಆಮೇಲೆ ಹೇಳಿದಳು. ಹಾಲಸಿದ್ದಪ್ಪ ಮೊದಲ ವಾರ ಹೊದ್ದುಕೊಂಡು ಬಂದ ಕಂಬಳಿ ಹಾಸಿ ಪಂಕ್ತಿಯಲ್ಲಿ ಕೂತ. ಪಕ್ಕದ ಗಿರಿಮಲ್ಲಪ್ಪ ಎಂಬ ಹುಡುಗ, ಕುರಿ ವಾಸನೆ ಬರುತ್ತದೆ ಎಂದು ತಾಟು ಎತ್ತಿಕೊಂಡು ಅತ್ತ ಸರಿದ. ಅವನ ಹಿಂದೆ ಇನ್ನೊಬ್ಬ, ಮತ್ತೊಬ್ಬ. ಮರುದಿನದಿಂದ ಇವನು ಬಾಗಿಲ ಮಗ್ಗುಲಿಗೆ, ಕಡೆಯ ಜಾಗಕ್ಕೆ ಹೋಗಿ ಕೂತ. ಕಂಬಳಿ ಮಡಚಿ, ಇಟ್ಟುಕೋ ಅಜ್ಜಿ ಎಂದು ಕೊಟ್ಟ. ದಿನಾ ಬಾವಿಗೆ ಹೋಗಿ ಮೈ ತಿಕ್ಕಿ ತಿಕ್ಕಿ ತೊಳೆಯತೊಡಗಿದ. ಮಾಂಸವನ್ನೂ ಆವಾಗಲೇ ಬಿಟ್ಟ.

ಆ ಕಂಬಳಿಯ ಉಣ್ಣೆಯನ್ನು ಸಾತವ್ವ ಒಂದು ಮಳೆಗಾಲ ಪೂರ್ತಿ ಕೂತು ನೂತಿದ್ದಳು. ಅವಳಿಗೆ ಅಳು ಬಂತು, ಅಳಲಿಲ್ಲ. "ಅದನ್ನ ಏನ ಮಾಡಿದೆವ್ವ? ಬೀಸಾಕಿದೇನು?"

"ಬೀಸಾಕ್ತಾರೇನ ಹುಚ್ಚಿ? ಉಣ್ಣಿಗೆ ಮೈಲಿಗಿ ಇಲ್ಲ. ನಮ್ಮ ಮಠದಯ್ಯನವರು ಬಂದ್ರ ಅದರ ಮ್ಯಾಲನ ಕುಂಡ್ರಸ್ತೀನಿ." ತಂಗೆವ್ವ ಅಟ್ಟದ ಮೇಲಿಂದ ಕಂಬಳಿ ಇಳಿಸಿದಳು. ದೇವರ ಸಾಮಾನಿನ ಜೊತೆ ಇಟ್ಟದ್ದಕ್ಕೆ ವಿಭೂತಿಯ ಪುಡಿ ಹತ್ತಿತ್ತು.

ಸಾತವ್ವ ಅದನ್ನು ಮೂಸಿ ನೋಡಿದಳು. ತನ್ನ ಹಟ್ಟಿಯದೇ ವಾಸನೆ.

"ಅಯ್ಯನವರು ಕುಂತಾಗ ವಾಸನಿ ಬರೂದಿಲ್ಲೇನ್ರಿ?"

ಮತ್ತೊಂದು ರೊಟ್ಟಿ ಹಂಚಿಗೆ ಹಾಕಿದ ತಂಗೆವ್ವ ಅದನ್ನು ಹೊರಳಿಸುವುದನ್ನು ಮರೆತಳು. "ಬಂದೀತು. ಅದನ್ನ ನಾನೂ ವಿಚಾರ ಮಾಡಿದ್ದಿಲ್ಲ ನೋಡು."

ಹಂಚಿನ ಮೇಲೆ ರೊಟ್ಟಿ ಹೊತ್ತಿತು. ಮುದುಕಿ ಅದನ್ನು ತೆಗೆದು ಬೂದಿಗೆ ಎಸೆದಳು. ಏನನ್ನಿಸಿತೋ, ಕಂಬಳಿಯನ್ನು ಎತ್ತಿಕೊಂಡು ಹೋಗಿ ಪಂಕ್ತಿಯ ನಡುವೆ ಹಾಸಿದಳು. "ಬಾ, ಕುಂಡ್ರು. ದೂರದಿಂದ ಬಂದಿ, ಉಂಡು ಹೋಗು" ಎಂದಳು. ಬ್ಯಾಡ ಬ್ಯಾಡ ಎನ್ನುತ್ತಲೇ ಸಾತವ್ವ ಕೂತಳು; ಮುದುಕಿಯ ಕೈ ರೊಟ್ಟಿ ಬಡಿದು ಗಟ್ಟಿಯಾದ ಕೈ, ಹೆಗಲ ಮೇಲೆ ಬಿದ್ದರೆ ನಿಲ್ಲುವಂತಿರಲಿಲ್ಲ. ತಾಟು ಬಂತು. ರೊಟ್ಟಿ, ಝುಣಕ, ಹಸಿ ಉಳ್ಳಾಗಡ್ಡಿ. ತುಪ್ಪದ ಗಡಿಗೆಯನ್ನು ಮಗ್ಗುಲಲ್ಲೇ ಇಟ್ಟುಕೊಂಡಳು.

ಅಷ್ಟರಲ್ಲಿ ಕಾಲೇಜು ಬಿಟ್ಟಿತು. ಹುಡುಗರು ಚಪ್ಪಲಿ ಕಳಚುತ್ತ, ಇಂಗ್ಲಿಷ್ ಮಾತು ಎಸೆದಾಡುತ್ತ ಒಳಗೆ ಬಂದರು. ಪಂಕ್ತಿಯ ನಡುವೆ ಕರಿ ಕಂಬಳಿ ಹಾಸಿಕೊಂಡು ಕೂತ ಹೆಂಗಸನ್ನು ನೋಡಿ ನಿಂತರು. ಎಲ್ಲರ ಹಿಂದೆ ಹಾಲಸಿದ್ದಪ್ಪ. ಒಂದು ಕಾಲು ಒಳಗೆ, ಒಂದು ಕಾಲು ಹೊಸ್ತಿಲಾಚೆ.

"ಯಾರಿಕಿ?" ಎಂದ ಗಿರಿಮಲ್ಲಪ್ಪ.

ಸಾತವ್ವ ಮಗನ ಮುಖ ನೋಡಿದಳು. ಆ ಮುಖ ಬಿಳಿಚಿಕೊಂಡಿತ್ತು. ನಾಯಿ ಅಡ್ಡ ಬಂದಾಗ ಮರಿ ಹೀಗೆ ನಿಲ್ಲುತ್ತದೆ, ಮುಂದೂ ಹೋಗುವುದಿಲ್ಲ, ಹಿಂದೂ ಬರುವುದಿಲ್ಲ. ಇವನಿಗೆ ನನ್ನಿಂದ ಕಷ್ಟವಾಯಿತಲ್ಲ, ಯಾಕಾದರೂ ಬಂದೆನೋ ಎಂದುಕೊಂಡಳು. ಬೈಯಲು ಬಂದದ್ದು, ಹರಕೆ, ಟಗರು, ಎಲ್ಲವೂ ಮರೆತುಹೋಯಿತು.

"ನಾ ತುಪ್ಪ ಮಾರಾಕೀಪಾ" ಎಂದಳು. "ಬ್ಯಾರೆ ಊರಾಕಿ. ಉಂಡು ಹೊಕ್ಕೀನಿ."

ಕುರಿ ಕಳೆದರೆ ಊರೂರು ಹುಡುಕುವ ಹೆಂಗಸು, ಎದುರಿಗೆ ಸಿಕ್ಕ ಮಗನನ್ನು ಹಾಗೆ ಬಿಟ್ಟುಕೊಟ್ಟಳು. ತಾಟಿನ ಕಡೆ ತಲೆ ಬಗ್ಗಿಸಿ ರೊಟ್ಟಿ ಮುರಿದಳು, ಬಾಯಿಗೆ ಒಯ್ಯಲಾಗಲಿಲ್ಲ.

ಹಾಲಸಿದ್ದಪ್ಪ ಹೊಸ್ತಿಲಾಚೆಯ ಕಾಲನ್ನೂ ಒಳಗಿಟ್ಟ. ಆಮೇಲೆ ಹುಡುಗರನ್ನು ದಾಟಿಕೊಂಡು ನಡುವಿಗೆ ಬಂದ.

"ಅವ್ವಾ, ತುಸು ಅತ್ತಾಗ ಸರಿ."

ಅವಳು ಸರಿದಳು. ಅವನು ಕಂಬಳಿಯ ಮೇಲೆ ಅವಳ ತೊಡೆಗೆ ತೊಡೆ ತಾಗಿಸಿ ಕೂತ. "ನಮ್ಮವ್ವ" ಎಂದು ಗಿರಿಮಲ್ಲಪ್ಪನಿಗೆ ಹೇಳಿದ. "ತುಪ್ಪ ಮಾರೂದಿಲ್ಲ. ಕುರಿ ಕಾಯ್ತಾಳ." ಇಬ್ಬರು ಹುಡುಗರು ತಾಟು ಹಿಡಿದುಕೊಂಡು ಅಂಗಳಕ್ಕೆ ಹೋದರು. ಗಿರಿಮಲ್ಲಪ್ಪ ಹೋಗಲೋ ಬೇಡವೋ ತಿಳಿಯದೆ ಒಂದು ಗಳಿಗೆ ಸುತ್ತ ನೋಡಿದ, ಕಡೆಗೆ ನಿಂತ ಜಾಗದಲ್ಲೇ ಕೂತ.

ಸಾತವ್ವ ಮೆಲ್ಲಗೆ ಕೇಳಿದಳು, "ಟಗರು ಒಲ್ಲೆಂದದ್ದು ಇವರ ನಾಚಿಕಿಗೇನು?"

"ಬಿಟ್ಟದ್ದು ನಾಚಿಕಿಗೆ ಬೇ. ಈಗ ಖರೇನ ಸೇರವಲ್ದು. ಯಾಕಂತ ನನಗೂ ತಿಳೀವಲ್ದು."

ಅವಳಿಗಂತೂ ತಿಳಿಯಲಿಲ್ಲ. ಇದು ಸಿಟ್ಟಾಗಬೇಕಾದ ಮಾತೋ, ಸಮಾಧಾನದ ಮಾತೋ? ಗಡಿಗೆಯ ಬಾಯಿ ಬಿಚ್ಚಿ ಝುಣಕದ ಮೇಲೆ ತುಪ್ಪ ಸುರಿದಳು, ರೊಟ್ಟಿಯ ಚೂರಿನಲ್ಲಿ ಹಿಡಿ ತುಂಬುವಂಥ ತುತ್ತು ಕಟ್ಟಿದಳು. ಮಾಯವ್ವಾ, ಮೊದಲ ತುತ್ತು ಇದೇ ಅಂತ ತಿಳಕೊಳ್ಳವ್ವ ಎಂದು ಒಳಗೊಳಗೇ ಹೇಳಿಕೊಂಡು ಮಗನ ಬಾಯಿಗೆ ಹಿಡಿದಳು. ಕಾಲೇಜು ಹುಡುಗರ ಎದುರಿಗೆ ಅವನು ಬಾಯಿ ತೆರೆದ, ಹಟ್ಟಿಯಲ್ಲಿ ಅವಳು ಒಸಡು ನೋಡಿದಾಗ ತೆರೆದ ಹಾಗೆಯೇ. ತಿಂದ.

ಮಾಯವ್ವ ಅದನ್ನು ಒಪ್ಪಿದಳೋ ಇಲ್ಲವೋ ಸಾತವ್ವನಿಗೆ ಕಡೆಯತನಕ ಗೊತ್ತಾಗಲಿಲ್ಲ. ಹರಕೆ ತೀರಿತೆಂದು ಟಗರನ್ನು ಮಾರಲು ಧೈರ್ಯವಿಲ್ಲ, ತೀರಲಿಲ್ಲವೆಂದು ಕೊಯ್ಯಲು ಮಗನ ಹ್ಞೂಂ ಇಲ್ಲ. ಹಬ್ಬ ಬಂದಾಗಲೆಲ್ಲ ಅದರ ಕೋಡಿಗೆ ಹೊಸ ಭಂಡಾರ ಬಳಿದು, ಬೆನ್ನು ಸವರಿ, ಮತ್ತೆ ಹಿಂಡಿಗೆ ಬಿಡುತ್ತಿದ್ದಳು.