ಭಾವನ ಸೊಂಟಕ್ಕೆ ಪಿಂಗಾಣಿ

ಡಾಕ್ಟರ ಎದುರು ಕೂತ ಪೇಷಂಟ್ ಏನು ಮಾಡಬೇಕು? ಎಕ್ಸ್‌ರೇ ಕೊಡಬೇಕು, ನೋವು ಎಲ್ಲಿ ಎಂದು ತೋರಿಸಬೇಕು, ತೆಪ್ಪಗಿರಬೇಕು. ನನ್ನ ಭಾವ ಸದಾನಂದ ಏನು ಮಾಡಿದರು ಗೊತ್ತೇ? ಮೇಜಿನ ಮೇಲಿದ್ದ ಡಾಕ್ಟರ ಖಾಲಿ ಚಹಾ ಕಪ್ಪನ್ನು ಎತ್ತಿಕೊಂಡರು. ಚಮಚದಿಂದ ಟಣ್ ಎಂದು ಬಡಿದು, ಕಿವಿಗೊಟ್ಟು ಕೇಳಿ, "ನಿಮ್ಮ ಕಪ್ ಆರೋಗ್ಯವಾಗಿ ಉಂಟು ಡಾಕ್ಟ್ರೇ" ಎಂದು ಸರ್ಟಿಫಿಕೇಟ್ ಕೊಟ್ಟರು.

ಪಕ್ಕದಲ್ಲಿದ್ದ ನಾನು ಗೋಡೆಯ ಮೇಲಿನ ಅಸ್ಥಿಪಂಜರದ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ.

ಭಾವನದೇನೂ ತಪ್ಪಿಲ್ಲ. ಗ್ರಾಂಟ್ ರೋಡಿನಲ್ಲಿ ಅವರದೊಂದು ಸಣ್ಣ ಹೋಟೆಲು. ಉಡುಪಿಯಿಂದ ಬಂದು, ಕಪ್ ತೊಳೆಯುವುದರಿಂದ ಶುರು ಮಾಡಿ ಗಲ್ಲಾದ ತನಕ ಬಂದವರು. ತೊಳೆದ ಕಪ್ಪನ್ನು ಬಡಿದು ನೋಡದೆ ಗಿರಾಕಿಯ ಮುಂದೆ ಇಟ್ಟವರಲ್ಲ. ಟಣ್ ಎಂದರೆ ಟೇಬಲ್ಲಿಗೆ, ಠಪ್ ಎಂದರೆ ಕಸದ ಡಬ್ಬಿಗೆ. ಕಣ್ಣಿಗೆ ಕಾಣದ ಬಿರುಕೂ ಅವರ ಕಿವಿಗೆ ಸಿಕ್ಕಿಬೀಳುತ್ತದೆ.

ಇಂಥ ಭಾವನ ಸೊಂಟದ ಕೀಲು ಕೆಟ್ಟಿತು. ತೊಡೆಯೆಲುಬಿನ ತುದಿಯಲ್ಲಿ ಒಂದು ಚೆಂಡು ಇರುತ್ತದೆ. ಅದು ಸೊಂಟದ ಗುಳಿಯಲ್ಲಿ ಕೂತು ಸಲೀಸಾಗಿ ತಿರುಗಿದರೇ ನಮ್ಮ ನಡಿಗೆ. ಭಾವನ ಚೆಂಡಿಗೆ ರಕ್ತ ಸರಿಯಾಗಿ ಹೋಗದೆ ಅದು ಕುಸಿದಿತ್ತು. ಮಳೆಗಾಲದಿಂದ ಅವರು ಮನೆ ಬಿಟ್ಟು ಇಳಿದಿರಲಿಲ್ಲ. ಹೋಟೆಲಿನ ಮೇಲೆಯೇ ಚಾಳ್, ಅಂದರೆ ಬಾಡಿಗೆಯ ಒಂಟಿ ಕೋಣೆಗಳ ಹಳೇ ಕಟ್ಟಡ; ಅದರ ಮೂರನೇ ಮಹಡಿಯಲ್ಲಿ ಮನೆ, ಲಿಫ್ಟ್ ಇಲ್ಲ. ಮರದ ಮೆಟ್ಟಿಲು. (ಗೋರೆಗಾಂವಿನಿಂದ ನಾನು ಹೋದಾಗಲೆಲ್ಲ ವಸಂತಿ ಅಕ್ಕ ಮೇಲಿಂದಲೇ ಕೂಗುತ್ತಾಳೆ: "ತಿರುವಿನ ಮೆಟ್ಟಿಲು ಅಲ್ಲಾಡ್ತದೆ ಮಾರಾಯ್ತಿ, ಗೋಡೆ ಬದಿಗೆ ಕಾಲಿಡು!")

ಅಕ್ಕ ಗಲ್ಲಾದಲ್ಲಿ ಕೂತಳು. ಭಾವ ಮೇಲೆ ಕಿಟಕಿಯಲ್ಲಿ ಕೂತು, ಕೆಳಗಿನ ಕಪ್ಪುಗಳ ಸದ್ದಿಗೆ ಕಿವಿಗೊಡುತ್ತಾ ದಿನ ತಳ್ಳಿದರು. ಇನ್ನೂ ಐವತ್ತಾರು ವಯಸ್ಸು.

ಆಪರೇಷನ್‌ಗೆ ಅವರು ಒಪ್ಪಿದ್ದರು. ಹಾಕುವ ಹೊಸ ಚೆಂಡು ಸೆರಾಮಿಕ್ಕಿನದು ಎಂದು ತಿಳಿಯುವ ತನಕ.

"ಸೆರಾಮಿಕ್ ಅಂದ್ರೆ ಪಿಂಗಾಣಿ ಅಲ್ವಾ? ಪಿಂಗಾಣಿಯ ಹಣೆಬರಹ ನನಗಿಂತ ಹೆಚ್ಚು ಯಾರಿಗೆ ಗೊತ್ತುಂಟು? ಸೊಂಟದ ಒಳಗೆ ಒಡೆದ್ರೆ ಗುಡಿಸ್ಲಿಕ್ಕೆ ಯಾರನ್ನು ಕರೀಲಿ?"

ಉತ್ತರ ನಿಮ್ಮ ಬಳಿ ಇದೆಯೇ? ಕೊನೆಗೆ ಡಾಕ್ಟರನ್ನೇ ಕೇಳೋಣ ಎಂದೆ. ಇಬ್ಬರು ವೇಟರುಗಳು ಅವರನ್ನು ಕುರ್ಚಿ ಸಮೇತ ಇಳಿಸಿ ಟ್ಯಾಕ್ಸಿ ಹತ್ತಿಸಿದರು. ಹಾಗೆ ತಲುಪಿದ್ದು ನಾವು ಆ ಕಪ್ ಇದ್ದ ಕೋಣೆಗೆ.

ಡಾಕ್ಟರು ಬೆಳಗಾವಿ ಕಡೆಯ ಹೆಣ್ಣುಮಗಳು. ಕಪ್ ಪ್ರಸಂಗಕ್ಕೆ ಮನಸಾರೆ ನಕ್ಕು, ಡ್ರಾಯರಿನಿಂದ ಒಂದು ಚೆಂಡು ತೆಗೆದು ಭಾವನ ಅಂಗೈಯಲ್ಲಿಟ್ಟರು. "ಅಣ್ಣಾರ, ಆ ಕಪ್ ಬ್ಯಾರೆ, ಇದು ಬ್ಯಾರೆ. ಹಿಡದ್ ನೋಡ್ರಿ."

ನಿಂಬೆಹಣ್ಣಿನಷ್ಟು. ತಿಳಿ ಗುಲಾಬಿ. ನಾನೂ ಮುಟ್ಟಿದೆ. ಎಂಥ ನುಣುಪು ಅಂತೀರಿ! ಬೆರಳು ನಿಲ್ಲಲೇ ಇಲ್ಲ.

ಭಾವ ಚಮಚ ಎತ್ತಿದರು. (ಎತ್ತದೆ ಇರುತ್ತಾರೆಯೇ?) ಬಡಿದರು. ಟಿಕ್. ಇನ್ನೊಮ್ಮೆ. ಟಿಕ್. ಅಷ್ಟೇ. ಅವರ ಮುಖ ಸಣ್ಣದಾಯಿತು.

"ಇದರ ಮಾತು ನನಗೆ ತಿಳಿಯುದಿಲ್ಲ ಡಾಕ್ಟ್ರೇ. ಒಳ್ಳೇದೋ ಕೆಟ್ಟದೋ ಹೇಗೆ ಗೊತ್ತಾಗುದು? ಸ್ಟೀಲಿಂದು ಇಲ್ವಾ?"

"ಲೋಹದ್ದೂ ಐತ್ರಿ. ಆದ್ರ ನೀವು ದಿನಾ ನಿಂತು ಓಡಾಡೋರು, ಆಯುಷ್ಯನೂ ಇನ್ನೂ ಭಾಳ ಐತಿ. ಇದು ಸವೆಯೂದು ಭಾಳ ಕಡಿಮಿ. ಒಡಿಯೂದೇ ಇಲ್ಲಂತ ನಾ ಹೇಳೂದಿಲ್ಲ, ಅಪರೂಪ. ಫ್ಯಾಕ್ಟರಿಯೊಳಗ ಒಂದೊಂದನ್ನೂ ಮೈಭಾರಕ್ಕಿಂತ ಎಷ್ಟೋ ಪಟ್ಟು ಒತ್ತಿ ನೋಡ್ತಾರ. ಕಸುವಿಲ್ಲದ್ದು ಅಲ್ಲೇ ಒಡೀತೈತಿ. ಉಳದದ್ದಷ್ಟ ನನ್ನ ಕೈಗೆ ಬರೂದು."

ಭಾವ ನೆಟ್ಟಗೆ ಕೂತರು. ನೋವನ್ನೂ ಮರೆತು.

ಅವರ ಹೋಟೆಲಿನ ಒಂದು ಪದ್ಧತಿ ಹೇಳಬೇಕು ನಿಮಗೆ. ಹೊಸ ಕಪ್ಪುಗಳು ಬಂದ ದಿನ ಅವು ಸೀದಾ ಟೇಬಲ್ಲಿಗೆ ಹೋಗುವುದಿಲ್ಲ. ದೊಡ್ಡ ಪಾತ್ರೆಯಲ್ಲಿ ಹಾಕಿ ಕುದಿಸುತ್ತಾರೆ. ಹುಳುಕಿದ್ದದ್ದು ಅಲ್ಲೇ ಬಿರಿಯುತ್ತದೆ. ನಷ್ಟವಲ್ಲವೇ ಎಂದು ಒಮ್ಮೆ ಕೇಳಿದ್ದೆ. ಗಿರಾಕಿಯ ಕೈಯಲ್ಲಿ ಬಿಸಿ ಚಹಾ ಸಮೇತ ಒಡೆಯುವುದಕ್ಕಿಂತ ನನ್ನ ಕಣ್ಣೆದುರು ಒಡೆಯಲಿ ಎಂದಿದ್ದರು.

"ಅಂದ್ರೆ ಇದು ಕುದಿಸಿ ನೋಡಿದ ಮಾಲು!" ಎಂದರು ಭಾವ. "ಮೊದ್ಲೇ ಹೇಳ್ಬಾರ್ದಾ? ಹಾಕಿ."

ಎಲ್ಲೋ ಯಾವುದೋ ದೇಶದ ಫ್ಯಾಕ್ಟರಿ, ಇಲ್ಲಿ ಗ್ರಾಂಟ್ ರೋಡಿನ ಅಡುಗೆಮನೆ. ಎರಡಕ್ಕೂ ಒಂದೇ ಬುದ್ಧಿ ಹೊಳೆದದ್ದು ಹೇಗೆ? ನನಗೆ ಮೈ ಜುಮ್ಮೆಂದಿತು.

"ಎಷ್ಟು ವರ್ಷ ಬರ್ತದೆ?" ಭಾವನ ಕೊನೆಯ ಪ್ರಶ್ನೆ. ಅದು ಎಲ್ಲ ಗಿರಾಕಿಗಳ ಪ್ರಶ್ನೆಯೂ ಹೌದು.

"ಚೆಂಡಿನ ಚಿಂತಿ ಬಿಡ್ರಿ. ಅದನ್ನ ಹಿಡಕೊಂಡಿರೂ ನಿಮ್ಮ ಎಲುಬು ಗಟ್ಟಿ ಇಟ್ಕೋರಿ. ಮತ್ತ ಒಂದ ಮಾತು, ಬೀಳಬ್ಯಾಡ್ರಿ."

ವಾಪಸು ಬರುವಾಗ ಟ್ಯಾಕ್ಸಿಯಲ್ಲಿ ಅದನ್ನೇ ಯೋಚಿಸುತ್ತಿದ್ದೆ. ಹಿಟ್ಟಿನಂಥ ಒಂದು ಪುಡಿ. ಅದನ್ನು ಅದುಮಿ, ಭಯಂಕರ ಬೆಂಕಿಯಲ್ಲಿ ಸುಟ್ಟರೆ ಈ ಚೆಂಡು. ನಮ್ಮ ಕೂದಲು ನರೆಯುತ್ತದೆ, ಹಲ್ಲು ಬೀಳುತ್ತದೆ, ಚರ್ಮ ಜೋಲುತ್ತದೆ. ಇದು ಮಾತ್ರ ಒಳಗೆ ಕತ್ತಲಲ್ಲಿ, ಪ್ರತಿ ಹೆಜ್ಜೆಗೂ ತಿರುಗುತ್ತಾ, ಅದೇ ನುಣುಪಿನಲ್ಲಿ ಇರುತ್ತದೆ. ನಾಳೆ ನಾವು ಬೂದಿಯಾದರೂ ಇದು ಬೂದಿಯಾಗುವುದಿಲ್ಲ. ಮನುಷ್ಯ ತನಗಿಂತ ಗಟ್ಟಿಯಾದದ್ದನ್ನು ಮಾಡಿ ತನ್ನೊಳಗೇ ಇಟ್ಟುಕೊಂಡು ಓಡಾಡುತ್ತಾನಲ್ಲ! ನನಗಂತೂ ಕೈ ಮುಗಿಯಬೇಕೆನಿಸಿತು.

ಆಪರೇಷನ್ ಚೆನ್ನಾಗಿ ಆಯಿತು. ಕಳೆದ ಭಾನುವಾರ ಭಾವ ಮೊದಲ ಸಲ ತಮ್ಮ ಕಾಲಿನಲ್ಲೇ ಕೆಳಗಿಳಿದರು. ಕೈಯಲ್ಲಿ ಕೋಲು, ಮುಂದೆ ಅಕ್ಕ, ಹಿಂದೆ ನಾನು. ಸೊಂಟದಿಂದ ಒಂದು ಸದ್ದಿಲ್ಲ, ಮುಖದಲ್ಲಿ ನೋವಿಲ್ಲ. ನನ್ನ ಕಣ್ಣು ತುಂಬಿ ಬಂತು.

ತಿರುವಿನಲ್ಲಿ ಮೆಟ್ಟಿಲು ಗಡಕ್ ಎಂದಿತು. ಭಾವ ಓಲಾಡಿದರು. ಅಕ್ಕ ಅವರ ಅಂಗಿ ಹಿಡಿದಳು, ನಾನು ತೋಳು ಹಿಡಿದೆ. ಮೂವರೂ ಗೋಡೆಗೆ ಅಂಟಿ ನಿಂತೆವು. ಉಸಿರು ಬಂದ ಮೇಲೆ ಭಾವ ಕೋಲಿನಿಂದ ಆ ಮೆಟ್ಟಿಲನ್ನು ಬಡಿದರು.

ಠಪ್.

"ಚಾಳಿನ ಮಾಲಕರಿಗೆ ಕಂಪ್ಲೇಂಟ್ ಕೊಟ್ಟು ಯಾವ ಕಾಲ ಆಯ್ತು" ಎಂದಳು ಅಕ್ಕ. "ಇನ್ನೂ ಯಾರೂ ಬೀಳ್ಲಿಲ್ಲ ಅಲ್ವಾ ಅಂತ ಕೇಳ್ತಾರೆ."

ಭಾವ ಕೆಳಗೆ ಹೋಗಿ ಗಲ್ಲಾದಲ್ಲಿ ಕೂತು, ಕಪ್ ಬಡಿದು ಚಹಾ ತರಿಸಿದರು. ನನಗೆ ಮಾತ್ರ ಚಹಾ ಸೇರಲಿಲ್ಲ.

ಭಾವನ ಚೆಂಡನ್ನು ಫ್ಯಾಕ್ಟರಿಯವರು ಒತ್ತಿ ನೋಡಿಯೇ ಕಳಿಸಿದರು. ಆ ಮೆಟ್ಟಿಲನ್ನು ಒತ್ತಿ ನೋಡುವ ಕೆಲಸವನ್ನು ಭಾವನ ಸೊಂಟಕ್ಕೇ ಬಿಟ್ಟವರು ಯಾರು?