ಎರಡು ಒಲೆಯ ಕಾಶೆವ್ವ

ದಾಂಡೇಲಿಯ ಮರದ ಡಿಪೋದಿಂದ ಕಾಳಿ ನದಿಗೆ ಇಳಿಯುವ ದಾರಿಯಲ್ಲಿ ಕಾಶೆವ್ವನ ಖಾನಾವಳಿ ಇತ್ತು. ಖಾನಾವಳಿ ಎಂದರೆ ಹುಲ್ಲು ಹೊದಿಸಿದ ಒಂದು ಚಪ್ಪರ, ಬಿದಿರು ತಟ್ಟಿಯ ಗೋಡೆ, ಒಳಗೆ ಎರಡು ಒಲೆ. ಮುಂಡಗೋಡ ಕಡೆಯ ಚಿಗಳ್ಳಿಯಿಂದ ಗಂಡ ಅಂದಾನೆಪ್ಪನ ಜೊತೆ ಬಂದವಳು ಅವಳು. ಅಂದಾನೆಪ್ಪ ಎತ್ತು ಹೂಡಿ ಕಾಡಿನಿಂದ ಸಾಗವಾನಿ ದಿಮ್ಮಿ ಎಳೆಯುತ್ತಿದ್ದ. ಎರಡನೆಯ ಮಳೆಗಾಲದಲ್ಲಿ ಚಳಿಜ್ವರ ಅವನನ್ನು ತಿಂದುಹಾಕಿತು. ಊರಿಗೆ ಹೋಗಿ ಮೈದುನರ ಮನೆಯಲ್ಲಿ ಮೂಲೆ ಹಿಡಿಯುವುದಕ್ಕಿಂತ ಇಲ್ಲೇ ನಾಲ್ಕು ಮಂದಿಗೆ ರೊಟ್ಟಿ ಬಡಿದು ಹಾಕುವುದು ಮೇಲು ಎನಿಸಿತು. ಹಾಗೆ ನಿಂತವಳು ನಿಂತೇಬಿಟ್ಟಳು.

ಡಿಪೋದಲ್ಲಿ ಮರ ಕೊಯ್ಯುವವರ ಎರಡು ಗುಂಪುಗಳಿದ್ದವು. ಒಂದು ಘಟ್ಟದ ಮೇಲಿನದು, ಹಳಿಯಾಳ ಮುಂಡಗೋಡಗಳ ಬಯಲಿನವರು. ಅವರ ಮುಖಂಡ ಶಿವಲಿಂಗಪ್ಪ, ಗಟ್ಟಿ ದನಿಯ, ಗಟ್ಟಿ ತೋಳಿನ ಮನುಷ್ಯ. ಇನ್ನೊಂದು ಘಟ್ಟದ ಕೆಳಗಿನದು, ಅಂಕೋಲೆಯ ಸುತ್ತಲಿನ ಊರುಗಳವರು. ಅವರಿಗೆ ಹಮ್ಮಣ್ಣನ ಮಾತೇ ಮಾತು. ಸರಕಾರದ ಕಾಗದದಲ್ಲಿ ಎರಡೂ ಮುಂಬಯಿ ಪ್ರಾಂತ್ಯದ ಒಂದೇ ಜಿಲ್ಲೆ. ಊಟಕ್ಕೆ ಕೂತಾಗ ಮಾತ್ರ ಬೇರೆ ಬೇರೆ ದೇಶ. ಮೇಲಿನವರಿಗೆ ಜೋಳದ ರೊಟ್ಟಿ, ಪುಂಡಿಪಲ್ಯೆ. ಕೆಳಗಿನವರಿಗೆ ಕುಚ್ಚಲಕ್ಕಿ ಗಂಜಿ, ಮಾವಿನ ಮಿಡಿ. ಒಣಮೀನನ್ನು ಅವರು ಹೊಳೆದಂಡೆಯಲ್ಲಿ ತಾವೇ ಸುಟ್ಟುಕೊಳ್ಳುತ್ತಿದ್ದರು. ಕಾಶೆವ್ವನ ಒಲೆಗೆ ಅದನ್ನು ತರುತ್ತಿರಲಿಲ್ಲ.

"ನೀರು ಕುಡದು ಗರಗಸ ಎಳೀತೀರಿ. ಕಸುವು ಎಲ್ಲಿಂದ ಬರಬೇಕ್ರಿ?" ಎಂದು ಶಿವಲಿಂಗಪ್ಪ ಕೆಣಕುತ್ತಿದ್ದ.

"ನಿಮ್ಮ ರೊಟ್ಟಿ ಅಗಿತಾ ಕೂತ್ರೆ ಮಧ್ಯಾಹ್ನ ಆಗ್ತದೆ ಮಾರಾಯಾ, ಮರ ಕೊಯ್ಯೂದು ಯಾವಾಗ?" ಎನ್ನುತ್ತಿದ್ದ ಹಮ್ಮಣ್ಣ.

ಚಪ್ಪರ ಹಾರಿಹೋಗುವಂತೆ ಎಲ್ಲರೂ ನಗುತ್ತಿದ್ದರು. ಮೊದಮೊದಲು ಕಾಶೆವ್ವನೂ ನಕ್ಕಳು. ಆಮೇಲೆ ಯುದ್ಧ ಬಂತು. ಮರ ಸಾಲದಾಯಿತು, ರೈಲುಹಳಿಯ ಅಡಿಗೆ ಹಾಸುವ ಸ್ಲೀಪರು ಸಾಲದಾಯಿತು, ಡಿಪೋಗೆ ಹೊಸ ಆಳುಗಳು ಬಂದರು. ಖಾನಾವಳಿಯಲ್ಲಿ ಎರಡು ಸರದಿ ಕೂರಿಸಿದರೂ ಜಾಗ ಸಾಲದು. ನಸುಕಿನಲ್ಲೇ ಒಂದು ಕಡೆ ಅಕ್ಕಿ ಕುದಿಯಬೇಕು, ಇನ್ನೊಂದು ಕಡೆ ಹಂಚು ಕಾಯಬೇಕು. ರೊಟ್ಟಿ ಬಡಿದೂ ಬಡಿದೂ ಬಲಗೈ ಹೆಗಲಿನಿಂದ ಕೆಳಗೆ ತನ್ನದಲ್ಲವೇನೋ ಎನ್ನುವಂತಾಗಿತ್ತು. ಗಂಡಸರ ತಮಾಷೆ ಮುಗಿಯುವ ಹೊತ್ತಿಗೆ ಅವಳ ಎದುರು ಎರಡು ರಾಶಿ ಪಾತ್ರೆ ಇರುತ್ತಿತ್ತು.

ನಲವತ್ತಮೂರರ ಬೇಸಿಗೆಯಲ್ಲಿ ಎರಡೂ ಗುಂಪುಗಳು ಪಂಥ ಕಟ್ಟಿದವು. ಮಳೆ ಹಿಡಿಯುವುದರೊಳಗೆ ಯಾರು ಹೆಚ್ಚು ಸ್ಲೀಪರು ಕೊಯ್ಯುತ್ತಾರೋ ನೋಡೇಬಿಡೋಣ ಎಂದು. ಒಬ್ಬ ದಿಮ್ಮಿಯ ಮೇಲೆ, ಒಬ್ಬ ಕೆಳಗೆ ಗುಂಡಿಯಲ್ಲಿ ನಿಂತು ದಿನವಿಡೀ ಗರಗಸ ಎಳೆದರು. ಗುಂಡಿಯಲ್ಲಿದ್ದವನ ಕಣ್ಣು ಮೂಗಲ್ಲೆಲ್ಲ ಮರದ ಹೊಟ್ಟು. ಹಸಿವು ಎರಡು ಪಟ್ಟಾಯಿತು. "ಕಾಶಕ್ಕಾ, ಮೊದಲ ನಮ್ಮದು ಮಾಡ್ರಿ" ಎಂದು ಇವರು, "ಅಕ್ಕಾ, ನಮ್ಮ ಗಂಜಿ ಮೊದಲು" ಎಂದು ಅವರು.

ಒಂದು ಮುಂಜಾನೆ ಹಂಚಿನ ಮೇಲಿನ ರೊಟ್ಟಿ ತಿರುವಲು ಬಗ್ಗಿದವಳು ಹಾಗೆಯೇ ಒಲೆಯ ಪಕ್ಕಕ್ಕೆ ವಾಲಿದಳು. ಶಿವಲಿಂಗಪ್ಪ ಓಡಿಬಂದು ಹಿಡಿಯದಿದ್ದರೆ ಸೆರಗಿಗೆ ಬೆಂಕಿ ಹತ್ತುತ್ತಿತ್ತು. ಮೈ ಕೆಂಡದಂತೆ ಸುಡುತ್ತಿತ್ತು. ಅಂದಾನೆಪ್ಪನನ್ನು ಒಯ್ದ ಜ್ವರವೇ. ದವಾಖಾನೆಯಿಂದ ಕ್ವಿನೈನ್ ತಂದು ಕುಡಿಸಿದರು. ಚಾಪೆಯ ಮೇಲೆ ಮಲಗಿಸಿ ಸಿಕ್ಕ ಕಂಬಳಿಗಳನ್ನೆಲ್ಲ ಹೊದಿಸಿದರು.

ಮರುದಿನ ಇಬ್ಬರು ಮುಖಂಡರೂ ಒಂದೊಂದು ಬಟ್ಟಲು ಹಿಡಿದು ಬಂದರು.

"ಜೋಳದ ನುಚ್ಚಿನ ಅಂಬಲಿ ಕುಡೀರಿ ಅಕ್ಕಾ, ನಾಳೆ ಎದ್ದು ಕೂಡ್ತೀರಿ" ಎಂದ ಶಿವಲಿಂಗಪ್ಪ.

"ಜ್ವರದಾಗೆ ಜೋಳ ಕೊಡ್ತ್ರೇನೋ? ಗಂಜಿತಿಳಿ ಕುಡೀರಿ. ನಮ್ಮ ಊರಾಗೆ ಸಾಯೂಕೆ ಬಿದ್ದವ್ರೂ ಎದ್ದಿದ್ರು" ಎಂದ ಹಮ್ಮಣ್ಣ.

ಮಾತಿಗೆ ಮಾತು ಬೆಳೆಯಿತು. ಯಾರ ಊರಿನ ಅನ್ನಕ್ಕೆ ಹೆಚ್ಚು ಶಕ್ತಿ ಎಂದು ಅವಳ ತಲೆಯ ಮೇಲೇ ವಾದ ನಡೆಯಿತು. ಇಬ್ಬರಲ್ಲೂ ಇದ್ದದ್ದು ಕಕ್ಕುಲಾತಿಯೇ. ಆದರೆ ಕಾಶೆವ್ವನಿಗೆ ಅದನ್ನು ಹೊರುವ ಶಕ್ತಿ ಇರಲಿಲ್ಲ. ಗೋಡೆಯ ಕಡೆ ಹೊರಳಿ ಅಳತೊಡಗಿದಳು.

"ಎರಡೂ ಬ್ಯಾಡ. ಇಬ್ಬರೂ ಹೊರಗ ಹೋಗ್ರಿ."

ಇಬ್ಬರೂ ಬಟ್ಟಲು ಹಿಡಿದು ನಿಂತೇ ಇದ್ದರು. ಕಡೆಗೆ ಹಮ್ಮಣ್ಣ ಚಾಪೆಯ ಪಕ್ಕ ಕುಕ್ಕುರುಗಾಲಲ್ಲಿ ಕೂತ.

"ಹಂಗಾರೆ ನಿಮ್ಗೆ ಎಂತ ಬೇಕು, ಹೇಳಿ ಅಕ್ಕಾ. ಮಾಡ್ಕೊಡ್ತೆ."

ಗಂಡ ಸತ್ತ ಮೇಲೆ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ, ಅವಳೂ ಕೇಳಿಕೊಂಡಿರಲಿಲ್ಲ. ತಳದಲ್ಲಿ ಉಳಿದದ್ದನ್ನು ಕೆರೆದು ತಿಂದು ಮಲಗುತ್ತಿದ್ದಳು. ಕಂಬಳಿ ಸರಿಸಿ ಇತ್ತ ಹೊರಳಿ ಹೇಳಿದಳು:

"ಒಂದು ಒಲಿ ಸಾಕು ನನಗ. ಎರಡು ಒಲಿ ಇನ್ನ ನನ್ನ ಕೈಲೆ ಆಗೂದಿಲ್ಲ. ಇದು ನಿಮಗ ಆಟ ಐತಿ. ನನಗ ಅಲ್ಲ."

ಶಿವಲಿಂಗಪ್ಪನ ದನಿ ಮೊದಲ ಸಲ ತಗ್ಗಿತು. "ನಮಗ ತಿಳೀಲಿಲ್ಲವ್ವಾ" ಎಂದ.

ಅವಳು ಏಳುವವರೆಗೆ ಗಂಡಸರೇ ಅಡುಗೆಗೆ ನಿಂತರು. ಬಯಲಿನವರ ರೊಟ್ಟಿ ಹಂಚಿಗೆ ಹೋಗುವ ಮೊದಲೇ ಹರಿಯಿತು. ಕೆಳಗಿನವರ ಗಂಜಿ ತಳಹಿಡಿದು ಚಪ್ಪರವೆಲ್ಲ ಹೊಗೆ. ಕೆಣಕಲು ಯಾರಿಗೂ ಬಾಯಿ ಬರಲಿಲ್ಲ. ಅಷ್ಟರಲ್ಲಿ ಜ್ವರ ಎರಡೂ ಗುಂಪುಗಳಿಗೆ ಹಬ್ಬಿತು. ಮಳೆಯೂ ಬೇಗ ಬಂತು. ಪಂಥ ಯಾರು ಗೆದ್ದರು ಎಂದು ಯಾರೂ ವಿಚಾರಿಸಲಿಲ್ಲ.

ಕಾಶೆವ್ವ ಎದ್ದ ಮೇಲೆ ಒಂದು ದಿನ ರೊಟ್ಟಿ, ಒಂದು ದಿನ ಗಂಜಿ, ಎಲ್ಲರಿಗೂ ಅದೇ. ಕೆಳಗಿನವರಲ್ಲಿ ಇಬ್ಬರು ಮುನಿಸಿಕೊಂಡು ಬೇರೆ ಅಡುಗೆ ಹೂಡಿದರು. ಬಯಲಿನವರು ಮೊದಲ ಗಂಜಿಯ ದಿನ ಸೂತಕದವರಂತೆ ಕೂತಿದ್ದರು.

"ನಡದರ ಹೊಟ್ಟ್ಯಾಗ ಹೊಳಿ ಅಲುಗಾಡತೈತಿ" ಎಂದ ಶಿವಲಿಂಗಪ್ಪ.

"ಈಜೂಕೆ ಕಲಿ" ಎಂದ ಹಮ್ಮಣ್ಣ.

ನಗು ಮರಳಿ ಬಂತು. ಆದರೆ ಈಗ ಊಟವಾದವರು ತಮ್ಮ ತಾಟು ತಾವೇ ಹೊಳೆಗೆ ಒಯ್ದು ತೊಳೆಯುತ್ತಿದ್ದರು. ಕಾಶೆವ್ವನ ದಣಿವು ಹೋಗಲಿಲ್ಲ. ಜ್ವರ ಆಗಾಗ ಮರಳಿ ಬಂದು ಅವಳನ್ನು ಇನ್ನಷ್ಟು ಬಡಕಲು ಮಾಡಿತು. ಮಧ್ಯಾಹ್ನ ಒಂದಿಷ್ಟು ಹೊತ್ತು ಕಾಲು ಚಾಚಿ ಮಲಗುವುದಕ್ಕೆ ಆಗುತ್ತಿತ್ತು, ಅಷ್ಟೇ.

ಯುದ್ಧ ಮುಗಿದ ಮೇಲೆ ಕೆಲಸ ಇಳಿಯಿತು. ಮಳೆಗಾಲಕ್ಕೆಂದು ಊರಿಗೆ ಇಳಿದ ಹಮ್ಮಣ್ಣ ಮರಳಿ ಬರಲಿಲ್ಲ. ಕಡಲಿನ ಕಡೆಯೇ ಗೆಯ್ಮೆ ಸಿಕ್ಕಿತೆಂದು ಸುದ್ದಿ ಬಂತು, ಜೊತೆಗೆ ಅಕ್ಕನಿಗೆಂದು ಮಿಡಿ ಉಪ್ಪಿನಕಾಯಿಯ ಒಂದು ಭರಣಿ. ಕಾಶೆವ್ವನ ಬಲಗೈ ಈಗ ಮೇಲಕ್ಕೆ ಏಳುತ್ತಿರಲಿಲ್ಲ. ಹಳಿಯಾಳದಲ್ಲಿದ್ದ ತಂಗಿ ಗಿರಿಜಾಬಾಯಿ ಕರೆಯುತ್ತಲೇ ಇದ್ದಳು. ಹೋಗುತ್ತೇನೆಂದಾಗ ಶಿವಲಿಂಗಪ್ಪ ತನ್ನ ಚಕ್ಕಡಿ ಹೂಡಿದ.

ದಾರಿಯುದ್ದಕ್ಕೂ ಅವನು ಈ ವರ್ಷ ಬಯಲಿನ ಜೋಳ ಹೇಗಿದೆ ಎಂದು ವರ್ಣಿಸುತ್ತಲೇ ಇದ್ದ. ಹಿಂದಿನಿಂದ ಹೂಂ ಎನ್ನುವ ದನಿ ನಿಂತಾಗ ತಿರುಗಿ ನೋಡಿದ. ಕಾಶೆವ್ವ ತನ್ನ ಬಟ್ಟೆಯ ಗಂಟಿಗೆ ಒರಗಿ, ಬಾಯಿ ತುಸು ತೆರೆದು, ಹಾಡುಹಗಲಲ್ಲೇ ಗಾಢ ನಿದ್ದೆ ಹೋಗಿದ್ದಳು. ಅವನು ಮಾತು ನಿಲ್ಲಿಸಿ ಹಗ್ಗ ಜಗ್ಗಿದ. ಎತ್ತುಗಳು ನಿಧಾನವಾಗಿ ನಡೆದವು.